ಚೌಕಟ್ಟಿನಡಿಯ ಅರ್ಧ ಇಂಚು

ಏಣಿ ತರಿಸಲೇ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಾಗ ಚೌಕಟ್ಟಿನ ಮೇಸ್ತ್ರಿ ಬೇಡವೆಂದು ತಲೆಯಾಡಿಸಿದ.

"ಈ ಎತ್ತರಕ್ಕೆ ನನ್ನ ಮೂಗೇ ಸಾಕು ಮೇಡಂ."

ಹಾಗೆಂದವನು ಗೋಡೆಯ ಮೇಲಿನ ಚಿತ್ರಕ್ಕೆ ಮುತ್ತಿಡುವಷ್ಟು ಹತ್ತಿರ ಹೋಗಿ, ಕಣ್ಣು ಮುಚ್ಚಿಕೊಂಡು, ಎಡಭಾಗವನ್ನು ಮೇಲಿನಿಂದ ಕೆಳಗಿನವರೆಗೆ ಮೂಸಿದ. ಆಮೇಲೆ ಬಲಭಾಗ. ಆಮೇಲೆ ಮತ್ತೆ ಎಡಭಾಗ.

"ಲವಂಗ," ಎಂದ.

ಬೇಸಿಗೆಯ ಸೆಕೆ ಬೆಳಗ್ಗೆ ಒಂಬತ್ತಕ್ಕೇ ಕಲಾಸಂಘದ ಸಭಾಂಗಣದೊಳಗೆ ಬಂದು ಕೂತಿತ್ತು. ನಾಲ್ಕೂ ಗೋಡೆಗಳ ಮೇಲೆ ಅರವತ್ತೆರಡು ಚಿತ್ರಗಳು. ಸಂಜೆ ಐದಕ್ಕೆ ವಾರ್ಷಿಕ ಪ್ರದರ್ಶನದ ಉದ್ಘಾಟನೆ. ಮೇಸ್ತ್ರಿ ಮೂಸುತ್ತಿದ್ದದ್ದು ಡ್ರಾಯಿಂಗ್ ಟೀಚರಮ್ಮನ ಕೊನೆಯ ಚಿತ್ರ. ಐದು ದಿನದ ಹಿಂದೆ, ಚಿತ್ರ ತೂಗುವ ದಿನ, ಆಕೆ ಇದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದರು. ಆಕೆಯನ್ನು ತಳ್ಳಿದ ಅನುಮಾನದ ಮೇಲೆ ಲಾಕಪ್ಪಿನಲ್ಲಿ ಕೂತಿರುವವನು ಸಂಘದ ಕಾವಲುಗಾರ. ಮೇಸ್ತ್ರಿಗೆ ಅವನು ಹೆಂಡತಿಯ ತಮ್ಮ.

"ನಾಳೆ ಅವನ ಪೊಲೀಸ್ ಕಸ್ಟಡಿ ಮುಗಿಯುತ್ತೆ, ಮತ್ತೆ ಕೋರ್ಟಿಗೆ ಹಾಜರು ಮಾಡಬೇಕು," ಎಂದು ಇನ್ಸ್‌ಪೆಕ್ಟರಮ್ಮ ಹಿಂದಿನ ದಿನವೇ ಹೇಳಿದ್ದರು. "ಮೆಟ್ಟಿಲ ಮೇಲೆ ಅವನ ಟೋಪಿ ಸಿಕ್ಕಿದೆ. ಬೀಗದ ಕೈ ಅವನ ಹತ್ರ ಇತ್ತು. ಅಷ್ಟರೊಳಗೆ ನಿಮಗೆ ಏನಾದ್ರೂ ಹೊಳೆದ್ರೆ ಹೇಳಿ, ಕೇಳ್ತೀನಿ."

ಮನೆಯಲ್ಲಿ ಹೆಂಡತಿ ಐದು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಯಿಬಿಟ್ಟು ಆಡಿದ್ದು ಒಂದೇ ಮಾತು. "ಅವನಿಗೆ ನಾನೇ ತಾಯಿ ಅಂತ ನಿಮಗೆ ಗೊತ್ತಲ್ಲ. ಅವನನ್ನ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ನೀವೂ ಬರಬೇಡಿ."

ಹಾಗಾಗಿ ಮೇಸ್ತ್ರಿ ರಾತ್ರಿಯೆಲ್ಲ ನೆನಪಿನ ಗಂಟು ಬಿಚ್ಚಿ ಒಂದೊಂದಾಗಿ ಹರವಿಕೊಂಡಿದ್ದ. ಅವನಿಗೆ ಓದು ಅಷ್ಟಕ್ಕಷ್ಟೇ. ಬಲ್ಲದ್ದು ಅಳತೆಯ ಅಂಕಿ, ತನ್ನ ಸಹಿ. ಆದರೆ ನಲವತ್ತು ಬೇಸಿಗೆಗಳಲ್ಲಿ ಈ ಸಂಘಕ್ಕೆ ಕಟ್ಟಿಕೊಟ್ಟ ಚೌಕಟ್ಟುಗಳಲ್ಲಿ ಯಾವುದಕ್ಕೆ ಯಾವ ಮರ, ಯಾವ ಮೂಲೆಯಲ್ಲಿ ಗಂಟು ಇತ್ತು ಎಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದ.

"ಲವಂಗ ಅಂದ್ರೆ?" ಇನ್ಸ್‌ಪೆಕ್ಟರಮ್ಮ ತಾವೂ ಮುಂದೆ ಬಗ್ಗಿದರು.

"ಲವಂಗದ ಎಣ್ಣೆ. ಬಣ್ಣಕ್ಕೆ ಒಂದು ತೊಟ್ಟು ಹಾಕಿದ್ರೆ ಬೇಗ ಒಣಗಲ್ಲ, ನಿಧಾನವಾಗಿ ತಿದ್ದಬಹುದು. ಟೀಚರಮ್ಮ ಹಾಕ್ತಿರಲಿಲ್ಲ, ಅವರಿಗೆ ಆ ವಾಸನೆಗೇ ತಲೆನೋವು. ಈ ಸಂಘದಲ್ಲಿ ಅದನ್ನ ಹಾಕೋರು ಒಬ್ಬರೇ."

"ಯಾರು?"

"ಲವಂಗದ ಎಣ್ಣೆ ಬಾಟಲಿಗಟ್ಟಲೆ ಇಟ್ಕೊಂಡಿರೋರು ಯಾರು ಹೇಳಿ. ನಿಮಗೂ ಹಲ್ಲು ನೋವು ಬಂದಿರುತ್ತಲ್ಲ."

ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಬಾಗಿಲಲ್ಲಿದ್ದ ಪೇದೆಗೆ ಕೈಸನ್ನೆ ಮಾಡಿದರು. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಪಕ್ಕದ ಕಚೇರಿಯಲ್ಲೇ ಉದ್ಘಾಟನೆಯ ಭಾಷಣ ತಿದ್ದುತ್ತಿದ್ದರು.

ಮೇಸ್ತ್ರಿಯ ಮಗಳು ಉಪಕರಣದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ದಪ್ಪ ಕಂಬಳಿ ಹಾಸಿದಳು. ಮೂವತ್ತೆರಡರ ಹೆಣ್ಣು, ಮಾತು ಕಡಿಮೆ, ಕೆಲಸದಲ್ಲಿ ಅಪ್ಪನಿಗಿಂತ ಒಂದು ಕೈ ಮೇಲೆ. ಹುಟ್ಟಿನಿಂದ ಅವಳದ್ದು ಎಡಗೈ. ಅವಳಿಗೆಂದೇ ಮೇಸ್ತ್ರಿ ಅಂಗಡಿಯ ಮರ ಕತ್ತರಿಸುವ ಯಂತ್ರವನ್ನು ತಿರುಗಿಸಿ ಕೂರಿಸಿ, ಈ ವಯಸ್ಸಿನಲ್ಲಿ ತಾನೇ ಹೊಸದಾಗಿ ಕತ್ತರಿಸಲು ಕಲಿತಿದ್ದ.

"ಅಪ್ಪ ಮಗಳಿಗೆ ಒಂದೇ ಯೂನಿಫಾರಂ," ಎಂದರು ಇನ್ಸ್‌ಪೆಕ್ಟರಮ್ಮ, ಇಬ್ಬರ ಏಪ್ರನ್ನುಗಳನ್ನು ನೋಡಿ. ಹಸಿರು ದಪ್ಪಬಟ್ಟೆ, ಅಂಚಿಗೆ ಕೆಂಪು ಪಟ್ಟಿ.

"ಅಮ್ಮ ಹೊಲಿದಿದ್ದು," ಎಂದಳು ಮಗಳು. "ಹಳೇ ಪರದೆ. ಎರಡಕ್ಕೇ ಸಾಕಾಯ್ತು. ಮೂರನೇ ಆಳು ಇಟ್ಕೋಬೇಕು ಅಂದ್ರೆ ಇನ್ನೊಂದು ಕಿಟಕಿ ಬೇಕು ಅಂತಾರೆ ಅಪ್ಪ."

ಡಾಕ್ಟರು ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಭಾಷಣ. ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಮೇಸ್ತ್ರಿ, ಪೊಲೀಸ್ ಕೆಲಸಕ್ಕೂ ಚೌಕಟ್ಟು ಹಾಕೋಕೆ ಶುರು ಮಾಡಿದ್ರಾ?"

"ಇಲ್ಲ ಡಾಕ್ಟ್ರೆ. ಹಾಕಿದ್ದನ್ನ ಬಿಚ್ಚೋಕೆ ಬಂದಿದ್ದೀನಿ."

"ಬಿಚ್ಚೋದಾ? ಸಂಘದ ನಿಯಮ ಮರೆತುಹೋಯ್ತಾ ನಿಮಗೆ? ಗೋಡೆಗೇರಿದ ಚಿತ್ರ ಪ್ರದರ್ಶನ ಮುಗಿಯೋವರೆಗೆ ಇಳಿಯೋ ಹಾಗಿಲ್ಲ. ಬರೆದವರೇ ಬಂದು ಕೇಳಿದ್ರೂ ಇಲ್ಲ."

"ಬರೆದವರು ಬಂದು ಕೇಳೋ ಸ್ಥಿತೀಲಿ ಇಲ್ಲವಲ್ಲ," ಎಂದ ಮೇಸ್ತ್ರಿ.



ಚಿತ್ರದ ನೋಟ ಎಲ್ಲರಿಗೂ ಗೊತ್ತಿದ್ದದ್ದೇ. ಟೀಚರಮ್ಮ ವರ್ಷಕ್ಕೆ ಒಂದೇ ಚಿತ್ರ ಬರೆಯುತ್ತಿದ್ದರು, ಅದೂ ಒಂದೇ ನೋಟ. ತಮ್ಮ ಮಹಡಿಯ ಕಿಟಕಿಯಿಂದ ಕಾಣುವ ಈ ಸಭಾಂಗಣದ ಹಿತ್ತಿಲು: ನೀರಿನ ತೊಟ್ಟಿ, ಗೋದಾಮಿನ ಗೋಡೆ, ಗೋಡೆಯಲ್ಲೊಂದು ಕಿಟಕಿ. ಕಂಡದ್ದನ್ನು ಕಂಡಂತೆ ಬರೆಯುವುದು ಅವರ ಹಟ. ಒಂದು ವರ್ಷ ತೊಟ್ಟಿಯ ಮೇಲೆ ಸತ್ತ ಇಲಿ ಇತ್ತೆಂದು ಅದನ್ನೂ ಬಾಲದ ಸಮೇತ ಬರೆದಿಟ್ಟು ಸಂಘದವರ ಬಾಯಿಗೆ ಬಿದ್ದಿದ್ದರು. ಈ ವರ್ಷದ ಚಿತ್ರದಲ್ಲಿ ಗೋದಾಮಿನ ಕಿಟಕಿ ಮುಚ್ಚಿತ್ತು. ಅದರಿಂದ ಎಡ ಅಂಚಿನವರೆಗೆ ಒಂದು ಗೇಣು ಅಗಲದಷ್ಟು ಬರೀ ಹಳದಿ ಗೋಡೆ.

ಆ ಗೋದಾಮಿನಿಂದ ಹಳೆಯ ಮೂರು ಚಿತ್ರಗಳು ಕಾಣೆಯಾಗಿವೆ ಎಂಬುದು ಪೊಲೀಸರಿಗೆ ಗೊತ್ತಾಗಿ ಎರಡು ದಿನವಾಗಿತ್ತು.

"ಡಾಕ್ಟ್ರೆ," ಎಂದರು ಇನ್ಸ್‌ಪೆಕ್ಟರಮ್ಮ, "ಈ ಗೋಡೆ ಬಳಿದವರು ನೀವಾ?"

ಡಾಕ್ಟರು ತಡಮಾಡಲಿಲ್ಲ. ರೋಗಿಗೆ ಬಾಯಿ ಕಳೆಯಿರಿ ಎನ್ನುವಷ್ಟೇ ಸಲೀಸಾಗಿ ಹೇಳಿದರು. "ಹೌದು. ಅದರಲ್ಲೇನಿದೆ? ತೂಗೋ ದಿನ ಏಣಿ ತಗುಲಿ ಗೀಚು ಬಿತ್ತು. ಟೀಚರಮ್ಮನ ಕೈ ನಡುಗ್ತಿತ್ತು. ನೀವೇ ತಿದ್ದಿಬಿಡಿ ಅಂದ್ರು, ತಿದ್ದಿಕೊಟ್ಟೆ."

"ಯಾವಾಗ?"

"ತೂಗೋಕೆ ಮುಂಚೆ. ಇದೇ ಮೇಜಿನ ಮೇಲೆ ಮಲಗಿಸಿ."

ಮೇಸ್ತ್ರಿ ಚಿತ್ರದ ಎಡಗಡೆಯ ಚೌಕಟ್ಟಿಗೆ ಬೆರಳು ಹಚ್ಚಿದ. ಚಿತ್ರ ಬರೆದ ಹಲಗೆಯ ಅಂಚನ್ನು ಕಚ್ಚಿ ಹಿಡಿಯುವ ಒಳಪಟ್ಟಿಗೆ ಅವನು ತುಟಿ ಎನ್ನುತ್ತಿದ್ದ. ಪ್ರತಿ ತುಟಿಗೂ ಮೇಣ ಸವರಿ, ಬಟ್ಟೆಯಿಂದ ತಿಕ್ಕಿ, ಮುಖ ಕಾಣುವಂತೆ ಹೊಳಪು ತರುವುದು ಅವನ ಪದ್ಧತಿ. ಆ ಹೊಳಪಿನ ಮೇಲೆ, ಕೆಳಮೂಲೆಯ ಹತ್ತಿರ, ಸಾಸಿವೆಯಷ್ಟು ದಪ್ಪದ ಹಳದಿ ಹನಿಯೊಂದು ಜಾರಿ ಬಂದು ನಿಂತಿತ್ತು. ಉಗುರಿನಿಂದ ಮೀಟಿದ. ಮೇಣದ ಮೇಲೆ ಬಣ್ಣ ಕಚ್ಚುವುದಿಲ್ಲ. ಹನಿ ಸುಲಭವಾಗಿ ಎದ್ದು ಬಂತು. ಒಳಗೆ ಇನ್ನೂ ಹಸಿ.

"ಇದು ಕೆಳಕ್ಕೆ ಇಳಿದಿದೆ ಮೇಡಂ," ಎಂದ. "ಮಲಗಿಸಿದ ಚಿತ್ರದಲ್ಲಿ ಬಣ್ಣ ಎಲ್ಲಿಗೆ ಇಳಿಯುತ್ತೆ? ಕೂತಲ್ಲೇ ಕೂರುತ್ತೆ. ಇದು ಗೋಡೆ ಮೇಲೆ ನಿಂತಿದ್ದಾಗ ಬಳಿದಿದ್ದು."

"ಗೋಡೆಗೆ ಏರಿದ್ದು ಯಾವಾಗ?"

"ಎಲ್ಲರಿಗಿಂತ ಹಿರಿಯರ ಚಿತ್ರ ಕೊನೆಗೆ ಏರಬೇಕು, ಅದು ಸಂಘದ ಪದ್ಧತಿ. ನಾಲ್ಕು ಗಂಟೆಗೆ ಏರಿಸಿದ್ರು ಅಂತ ಡಾಕ್ಟ್ರೇ ನಿಮಗೆ ಬರೆದುಕೊಟ್ಟಿದ್ದಾರೆ. ನಾಲ್ಕೂವರೆಗೆ ಟೀಚರಮ್ಮ ಮೆಟ್ಟಿಲ ಕೆಳಗೆ. ಆ ಅರ್ಧ ಗಂಟೇಲಿ ಇಷ್ಟಗಲ ಗೋಡೆ ಬಳಿಯೋಕಾಗಲ್ಲ ಮೇಡಂ, ಇಟ್ಟಿಗೆ ಸಂದು ಸಮೇತ. ಇದು ಅವರು ಸತ್ತಮೇಲೆ ಬಳಿದಿದ್ದು. ಆ ಸಂಜೆಯಿಂದಲೇ ನಮ್ಮ ಹುಡುಗ ನಿಮ್ಮ ಲಾಕಪ್ಪಲ್ಲಿದ್ದಾನೆ. ಇನ್ನೊಂದು ಬೀಗದ ಕೈ ಯಾರ ಹತ್ರ ಇತ್ತು ಕೇಳಿ."

ಹುಡುಗ ಎಂದದ್ದು ಐವತ್ತು ದಾಟಿದ ಬಾಮೈದನನ್ನು. ಮೇಸ್ತ್ರಿಗೆ ಅವನು ಯಾವತ್ತೂ ಹುಡುಗನೇ.

ಡಾಕ್ಟರು ಭಾಷಣದ ಹಾಳೆಯನ್ನು ಇನ್ನೊಂದು ಸಲ ಮಡಿಸಿದರು. ಮಡಿಕೆಯ ಮೇಲೆ ಉಗುರೆಳೆದರು.

"ಮೇಸ್ತ್ರಿ, ನಿಮ್ಮ ಎರಡು ದವಡೆ ಹಲ್ಲು ಕಿತ್ತವನು ನಾನು. ಒಂದು ದಿನ ಆದ್ರೂ ನೋವಾಯ್ತಾ?"

"ಇಲ್ಲ ಡಾಕ್ಟ್ರೆ. ನಿಮ್ಮ ಕೈ ಅಷ್ಟು ಹಗುರ. ಅದಕ್ಕೇ ಐದು ದಿನ ಯಾರ ಕಣ್ಣಿಗೂ ಬೀಳಲಿಲ್ಲ."

"ಈ ಬಣ್ಣ ಒರೆಸಿಬಿಟ್ರೆ ಅಡಿಯಲ್ಲಿ ಏನಿದೆ ಅಂತ ಗೊತ್ತಾಗಲ್ವಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಆಗಲ್ಲ. ಟೀಚರಮ್ಮ ಬರೆದು ಮುಗಿಸಿ ಹತ್ತೇ ದಿನ ಆಗಿದ್ದು. ಅಡಿಯದ್ದು ಮುಟ್ಟಿದ್ರೆ ಒಣಗಿದ ಹಾಗಿದ್ರೂ ಒಳಗೆ ಹಸಿ, ಮೇಲಿನದ್ದಂತೂ ಪೂರಾ ಹಸಿ. ಒರೆಸೋಕೆ ಹೋದ್ರೆ ಎರಡೂ ಒಟ್ಟಿಗೆ ಬಂದು ಕೆಸರಾಗುತ್ತೆ. ಡಾಕ್ಟ್ರಿಗೂ ಅದು ಗೊತ್ತು." ಮೇಸ್ತ್ರಿ ಚೌಕಟ್ಟಿನ ತುಟಿಯ ಮೇಲೆ ಹೆಬ್ಬೆರಳು ಇಟ್ಟ. "ಆದ್ರೆ ಚಿತ್ರ ಬರೆಯೋರು ಒಂದು ಮರೀತಾರೆ. ಅವರ ಪಾಲಿಗೆ ಚೌಕಟ್ಟು ಎಲ್ಲಿ ಶುರುವಾಗುತ್ತೋ ಅಲ್ಲಿಗೆ ಚಿತ್ರ ಮುಗೀತು. ನನ್ನ ಪಾಲಿಗೆ ಹಾಗಲ್ಲ. ಈ ತುಟಿ ಅಡಿಯಲ್ಲಿ ಸುತ್ತಲೂ ಅರ್ಧ ಇಂಚು ಚಿತ್ರ ಇದೆ. ಬ್ರಷ್ಷು ಅಲ್ಲಿಗೆ ಹೋಗಲ್ಲ. ಹಿಂದುಗಡೆ ನಾನು ಅಂಟಿಸಿದ ಕಾಗದ ಒಂದು ಕಡೆನೂ ಹರಿದಿಲ್ಲ, ಬೆಳಗ್ಗೆ ಕೈಯಾಡಿಸಿ ನೋಡಿದ್ದೀನಿ. ಅಂದ್ರೆ ಯಾರೂ ಬಿಚ್ಚಿಲ್ಲ. ಟೀಚರಮ್ಮ ಎಡ ಅಂಚಿನಲ್ಲಿ ಏನು ಬರೆದಿದ್ರೋ ಅದು ಅರ್ಧ ಇಂಚಿನಷ್ಟು ಇಲ್ಲೇ ಕೂತಿದೆ."

"ಅಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ವಾ? ಚೌಕಟ್ಟು ಹಾಕಿದವರು ನೀವೇ ಅಲ್ವಾ?"

ಮೇಸ್ತ್ರಿಗೆ ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು.

"ನಾನು ಚಿತ್ರ ನೋಡೋನಲ್ಲ ಮೇಡಂ. ಮುಖ ಕೆಳಗೆ ಮಾಡಿ ಕಂಬಳಿ ಮೇಲೆ ಮಲಗಿಸ್ತೀನಿ, ಬೆನ್ನು ನೋಡ್ತೀನಿ, ಅಂಚು ನೋಡ್ತೀನಿ. ಚಿತ್ರ ನೋಡೋದು ಉದ್ಘಾಟನೆ ದಿನ, ಎಲ್ಲರ ಜೊತೆ. ಎಡ ಅಂಚಲ್ಲಿ ಒಂದು ಚೂರು ಹಸಿರು ಇತ್ತು. ಗಿಡ ಇರಬೇಕು ಅಂದ್ಕೊಂಡೆ. ಈಗ ಅಲ್ಲಿ ಗಿಡ ಇಲ್ಲ, ಗೋಡೆ ಇದೆ. ರಾತ್ರಿ ನೆನಪಾಗಿದ್ದು ಅದೇ."

ಚೌಕಟ್ಟು ಹಾಕಿಸಲು ಟೀಚರಮ್ಮ ಅಂಗಡಿಗೆ ಬಂದದ್ದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಏದುಸಿರು ಬಿಡುತ್ತ ಬಂದಿದ್ದರು. ಕೂರುವ ಮೊದಲೇ "ಮಗಳು ಎಲ್ಲಿ?" ಎಂದಿದ್ದರು. ಮರ ತರಲು ಹೋಗಿದ್ದಾಳೆ ಎಂದಾಗ "ಒಳ್ಳೇದೇ ಆಯ್ತು, ನನ್ನೆದುರಿಗೇ ಹಾಕಿಕೊಡಿ" ಎಂದಿದ್ದರು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಮೇಸ್ತ್ರಿ, ಈ ಸಲ ಒಂದೇ ಒಂದು ಸಲ ಇದನ್ನ ನೋಡಿ" ಎಂದು ಕೇಳಿಕೊಂಡಿದ್ದರು. ಪ್ರದರ್ಶನದ ದಿನ ನೋಡ್ತೀನಿ ಬಿಡಿ ಎಂದು ಅವನು ನಕ್ಕಿದ್ದ.

"ಇಳಿಸಿ," ಎಂದರು ಇನ್ಸ್‌ಪೆಕ್ಟರಮ್ಮ.

"ಮೇಸ್ತ್ರಿ, ಬೇಡ." ಡಾಕ್ಟರ ದನಿ ಇದ್ದಕ್ಕಿದ್ದಂತೆ ಬೇರೆಯಾಗಿತ್ತು. ಅದರಲ್ಲಿ ಸಿಟ್ಟಿರಲಿಲ್ಲ. "ನನ್ನ ಮಾತು ಕೇಳಿ. ನಾನು ಬಳಿದದ್ದು ನಿಜ. ಮೇಡಂ, ಬೇಕಾದ್ರೆ ಅಷ್ಟನ್ನ ಬರ್ಕೊಳ್ಳಿ, ಸಹಿ ಹಾಕ್ತೀನಿ. ಚೌಕಟ್ಟು ಹಾಗೇ ಇರಲಿ. ಬಿಚ್ಚಿದ್ರೆ ನಿಮಗೇ ಒಳ್ಳೇದಲ್ಲ ಮೇಸ್ತ್ರಿ."

"ಹೆದರಿಸ್ತಿದ್ದೀರಾ?"

"ಇಲ್ಲ," ಎಂದರು ಡಾಕ್ಟರು. "ನೋವಾಗುತ್ತೆ ಅಂತ ಮೊದಲೇ ಹೇಳ್ತಿದ್ದೀನಿ. ಹಲ್ಲು ಕೀಳೋವಾಗ ಹೇಳ್ತೀನಲ್ಲ, ಹಾಗೆ."

ಮೇಸ್ತ್ರಿ ಚಿತ್ರವನ್ನು ಗೋಡೆಯಿಂದ ಇಳಿಸಿದ. ನಲವತ್ತು ವರ್ಷದಲ್ಲಿ ಪ್ರದರ್ಶನ ಮುಗಿಯುವ ಮೊದಲು ಒಂದು ಚಿತ್ರ ಇಳಿದದ್ದು ಇದೇ ಮೊದಲು. ಕಂಬಳಿಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ಚೂರಿಯಿಂದ ಕಂದು ಕಾಗದವನ್ನು ನಾಲ್ಕೂ ಕಡೆ ಸೀಳಿದ. ಇಕ್ಕಳದಲ್ಲಿ ಮೊಳೆಗಳನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕಿದ. ಹದಿನಾರು ಮೊಳೆ. ಪ್ರತಿ ಮೊಳೆಯೂ ತಟ್ಟೆಯಲ್ಲಿ ಟಣ್ ಎಂದಾಗ ಲಾಕಪ್ಪಿನ ಕಂಬಿಯೊಂದು ಸಡಿಲಾದಂತೆ ಅವನಿಗೆ ಅನಿಸುತ್ತಿತ್ತು.

ಮಗಳು ಪಕ್ಕದಲ್ಲೇ ನಿಂತಿದ್ದಳು. ಯಾವಾಗಲೂ ಮೊಳೆ ಎಣಿಸುವವಳು ಈ ಸಲ ಎಣಿಸಲಿಲ್ಲ.

"ನೀರು ತರ್ತೀನಿ ಅಪ್ಪ," ಎಂದಳು.

"ಇರಮ್ಮ. ಚೌಕಟ್ಟು ಎತ್ತೋಕೆ ಇನ್ನೊಂದು ಕೈ ಬೇಕು."

ಅವಳು ನಿಂತಳು.

ಚೌಕಟ್ಟು ಬೇರೆಯಾಯಿತು. ಅದನ್ನು ಮಗಳು ಎತ್ತಿ ಪಕ್ಕಕ್ಕಿಟ್ಟಳು. ಮೇಸ್ತ್ರಿ ಎಡಗೈಯನ್ನು ಹಲಗೆಯ ಮೇಲಂಚಿಗೆ ಆನಿಸಿ ಅದನ್ನು ಮೇಜಿನ ಮೇಲೆ ನಿಲ್ಲಿಸಿದ, ಕಿಟಕಿಯ ಬೆಳಕಿಗೆ ತಿರುಗಿಸಿ ಕನ್ನಡಕ ಏರಿಸಿಕೊಂಡ.

ಹಳದಿ ಗೋಡೆ ಒಂದು ಗೆರೆಯಲ್ಲಿ ಕತ್ತರಿಸಿದಂತೆ ನಿಂತಿತ್ತು. ಅದರಾಚೆಗೆ, ಅರ್ಧ ಇಂಚು ಅಗಲದ ಪಟ್ಟಿಯಲ್ಲಿ, ಟೀಚರಮ್ಮನ ಕೈ ಇನ್ನೂ ಬದುಕಿತ್ತು.

ಯಾರೋ ಒಬ್ಬರು ಕಿಟಕಿಗೆ ಬೆನ್ನು ಹಾಕಿ, ಚಿತ್ರವೊಂದನ್ನು ಹೊತ್ತು, ಎಡಕ್ಕೆ ನಡೆದು ಹೋಗುತ್ತಿದ್ದಾರೆ. ಮುಖ ಪಟ್ಟಿಯಿಂದ ಹೊರಗೆ, ಹಳದಿಯ ಅಡಿಯಲ್ಲಿ. ಪಟ್ಟಿಯಲ್ಲಿ ಉಳಿದದ್ದು ಹೊತ್ತ ಚಿತ್ರದ ಕೆಳಮೂಲೆ. ಆ ಮೂಲೆಯ ಅಡಿಗೆ ಅಂಗೈ ಕೊಟ್ಟ ಒಂದು ಕೈ. ಕೈಯ ಹಿಂದೆ ತೂಗುತ್ತಿರುವ ಬಟ್ಟೆಯ ಅಂಚು.

ಬಟ್ಟೆ ಹಸಿರು. ಅಂಚಿಗೆ, ಸೂಜಿಮೊನೆಯ ಬ್ರಷ್ಷಿನಲ್ಲಿ ಎಳೆದ, ಕೆಂಪು ಪಟ್ಟಿ.

ಅವನು ಗಿಡವೆಂದುಕೊಂಡದ್ದು ಅದು.

ಚಿತ್ರ ಹೊರುವ ಆ ರೀತಿ ಅವನೇ ಕಲಿಸಿದ್ದು. ಬಲವಿರುವ ಕೈ ಕೆಳಮೂಲೆಗೆ, ಇನ್ನೊಂದು ಮೇಲೆ, ಬರೀ ಆಸರೆಗೆ. ಜಗತ್ತಿಗೆಲ್ಲ ಬಲವಿರುವ ಕೈ ಬಲಗೈ. ಪಟ್ಟಿಯಲ್ಲಿದ್ದದ್ದು ಎಡಗೈ.

ಮಗಳು ಎಲ್ಲಿ? ಒಳ್ಳೇದೇ ಆಯ್ತು. ಒಂದೇ ಒಂದು ಸಲ ನೋಡಿ ಮೇಸ್ತ್ರಿ.

ಇನ್ನೊಂದೂ ನೆನಪಾಯಿತು. ಯಾಕೆ ಇಷ್ಟು ಹೊತ್ತು ನೆನಪಾಗಲಿಲ್ಲವೋ. ತೂಗುವ ದಿನ ಮಧ್ಯಾಹ್ನ ಮೂರೂವರೆಗೆ ಮಗಳು ಕೊಕ್ಕೆ ತರುತ್ತೇನೆಂದು ಅಂಗಡಿಯಿಂದ ಹೋಗಿದ್ದಳು. ವಾಪಸ್ ಬಂದದ್ದು ಐದಕ್ಕೆ. ಕೊಕ್ಕೆಯ ಡಬ್ಬಿ ಅಂಗಡಿಯಲ್ಲಿ ತುಂಬಿಯೇ ಇತ್ತು. ಪೊಲೀಸರು ಕೇಳಿದಾಗ ಅವನು ಹಿಂದೆ ಮುಂದೆ ನೋಡದೆ "ನಾನೂ ಮಗಳೂ ಸಂಜೆವರೆಗೆ ಅಂಗಡಿಯಲ್ಲೇ ಇದ್ವಿ" ಎಂದು ಬರೆಸಿ, ಕೆಳಗೆ ಸಹಿ ಹಾಕಿ ಬಂದಿದ್ದ.

"ಏನಿದೆ ಮೇಸ್ತ್ರಿ?" ಇನ್ಸ್‌ಪೆಕ್ಟರಮ್ಮ ಮೇಜನ್ನು ಸುತ್ತಿ ಬಂದರು.

ಅವನ ಹೆಬ್ಬೆರಳು ತಾನಾಗಿಯೇ ಪಟ್ಟಿಯ ಮೇಲೆ ಹೋಗಿ ಕೂತಿತ್ತು.

"ಬೆರಳು ತೆಗೀರಿ."

ತೆಗೆದ.

ಇನ್ಸ್‌ಪೆಕ್ಟರಮ್ಮ ತುಂಬ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಮೇಸ್ತ್ರಿಯ ಏಪ್ರನ್ನು ನೋಡಿದರು. ಮಗಳ ಏಪ್ರನ್ನು ನೋಡಿದರು.

"ಎರಡೇ ಹೊಲಿದಿದ್ದು ಅಂದ್ರಿ ಅಲ್ವಾ?"

ಡಾಕ್ಟರು ಕಿಟಕಿಯ ಕಡೆಗೆ ತಿರುಗಿ ನಿಂತಿದ್ದರು. "ನಾನು ಬೇಡ ಅಂದೆ," ಎಂದರು, ಯಾರಿಗೂ ಅಲ್ಲವೆಂಬಂತೆ.

"ಇದು ಯಾರದು? ನಿಮ್ಮದಾ, ನಿಮ್ಮ ಮಗಳದಾ?"

ಮೇಸ್ತ್ರಿ ಮಗಳ ಮುಖ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ ಹೆಂಡತಿ ನೆನಪಾದಳು. ತಮ್ಮನನ್ನು ಕರೆತನ್ನಿ ಎಂದಿದ್ದಳು. ತಮ್ಮ ಬರುತ್ತಾನೆ. ಅವನ ಬದಲಿಗೆ ಏನು ಕೊಟ್ಟು ಬರಬೇಕೆಂದು ಅವಳು ಹೇಳಿರಲಿಲ್ಲ.

"ನನ್ನದು," ಎಂದ.

"ಇನ್ನೊಂದು ಸಲ ಹೇಳಿ."

"ನನ್ನದು ಮೇಡಂ. ಆ ಚಿತ್ರ ಹೊತ್ಕೊಂಡು ಹೋದವನು ನಾನು."

ಹೇಳುವಾಗ ಹಲಗೆಯ ಮೇಲಿದ್ದ ಅವನ ಕೈ ಸಡಿಲವಾಯಿತು. ಚಿತ್ರ ಮುಂದಕ್ಕೆ ವಾಲಿ ಮೇಜಿನಂಚಿನಿಂದ ಜಾರಿತು.

ಅದು ನೆಲ ಮುಟ್ಟಲಿಲ್ಲ. ಚಿತ್ರ ಬೀಳಗೊಡದಿರುವುದು ಅವರ ಕಸುಬಿನಲ್ಲಿ ಯೋಚಿಸಿ ಮಾಡುವ ಕೆಲಸವಲ್ಲ. ಮಗಳು ಒಂದೇ ಹೆಜ್ಜೆಗೆ ಬಂದು ಹಿಡಿದಿದ್ದಳು. ಬಲಗೈ ಮೇಲೆ, ಬರೀ ಆಸರೆಗೆ. ಕೆಳಮೂಲೆಯ ಅಡಿಗೆ ಅಂಗೈ ಕೊಟ್ಟ ಎಡಗೈ. ಅದರ ಹಿಂದೆ ತೂಗುತ್ತಿದ್ದ ಹಸಿರು ಬಟ್ಟೆ, ಕೆಂಪು ಪಟ್ಟಿ.

ಹಾಗೆ ಹಿಡಿದುಕೊಂಡೇ ಅವಳು ಕಲ್ಲಿನಂತೆ ನಿಂತುಬಿಟ್ಟಳು.

ಇನ್ಸ್‌ಪೆಕ್ಟರಮ್ಮನ ಕಣ್ಣು ಅವಳ ಕೈಗೆ ಹೋಯಿತು. ಅಲ್ಲಿಂದ ಅರ್ಧ ಇಂಚಿನ ಪಟ್ಟಿಗೆ. ಮತ್ತೆ ಕೈಗೆ.

"ಮೇಸ್ತ್ರಿ," ಎಂದರು ಮೆಲ್ಲಗೆ, "ನೀವು ಸುತ್ತಿಗೆ ಯಾವ ಕೈಲಿ ಹಿಡೀತೀರಿ?"

ಇಕ್ಕಳ ಇನ್ನೂ ಅವನ ಬಲಗೈಯಲ್ಲೇ ಇತ್ತು.